ಕಲ್ಲುಬಾನಿ

ಇನ್ನೊಂದು ಕೆಟಲು ನೀರು ಕಾಯಿಸಬೇಕೋ ಬೇಡವೋ ಎಂಬುದು ಬೆಳಗಿನಿಂದ ಹರ್ಬರ್ಟ್ ಲಾರ್ಟರನನ್ನು ಕೊರೆಯುತ್ತಿತ್ತು. ದೀಕ್ಷಾಸ್ನಾನದ ಕಲ್ಲುತೊಟ್ಟಿಗೆ ಬಾವಿಯಿಂದ ಸೇದಿ ತಂದ ನೀರು ಸುರಿದು, ಮೇಲಿಂದ ಒಂದು ಕೆಟಲು ಕುದಿನೀರು ಹುಯ್ದರೆ ಏಪ್ರಿಲ್ ತಿಂಗಳಲ್ಲೂ ಕೊರೆಯುವ ಚಳಿ ಮುರಿಯುತ್ತದೆ, ಮಗು ಚೀರುವುದಿಲ್ಲ. ಊರಿನ ಜಮೀನ್ದಾರರ ದೊಡ್ಡಮನೆಯ ಮಕ್ಕಳಿಗೆ ಹಾಗೆ ಮಾಡುವುದು ವಾಡಿಕೆ. ಊರಿನ ಉಳಿದ ಮಕ್ಕಳು ಚೀರಿದರೆ ಒಳಗಿನ ಸೈತಾನ ಹೊರಟುಹೋದ ಎಂದು ಸಮಾಧಾನಪಟ್ಟುಕೊಳ್ಳುವುದೂ ವಾಡಿಕೆ. ಆದರೆ ಇವತ್ತು ಎರಡು ಮಕ್ಕಳು. ಮಧ್ಯಾಹ್ನ ಲೇಡಿ ಥರ್ಲೋ ಅವರ ಮೊಮ್ಮಗಳು. ಅವರೆಲ್ಲ ಚಹಾಕ್ಕೆಂದು ದೊಡ್ಡಮನೆಗೆ ಹೊರಟ ಮೇಲೆ, ಸದ್ದಿಲ್ಲದೆ, ಅವನದೇ ಮಗಳ ಮಗ. ಅಷ್ಟು ಹೊತ್ತಿಗೆ ನೀರು ಮತ್ತೆ ತಣ್ಣಗಾಗಿರುತ್ತದೆ. ಒಲೆಯ ಮೇಲೆ ಇನ್ನೊಂದು ಕೆಟಲು ಇಟ್ಟರೆ ಯಾರೂ ಬೇಡವೆನ್ನುವುದಿಲ್ಲ. ಆದರೂ ಪಾದ್ರಿ ಮಾಂಕ್ಟನ್ ಅದನ್ನು ನೋಡಿ ಹುಬ್ಬನ್ನು ಒಂದಿಷ್ಟು ಮೇಲಕ್ಕೆತ್ತಿದರೆ ಏನು ಮಾಡುವುದು? ಮೂವತ್ತು ವರ್ಷ ಈ ಚರ್ಚಿನ ಕಸ ಗುಡಿಸಿ, ಗಂಟೆ ಹೊಡೆದು, ಸತ್ತವರಿಗೆ ಗುಂಡಿ ತೋಡಿದ ಹರ್ಬರ್ಟನಿಗೆ ಆ ಹುಬ್ಬಿನ ಭಯ ದೇವರ ಭಯಕ್ಕಿಂತ ಹೆಚ್ಚಾಗಿತ್ತು. ಬೇಡ ಎಂದುಕೊಂಡ. ಹಾಗೆಂದುಕೊಂಡ ಕೂಡಲೇ ಮಗುವಿನ ನೆತ್ತಿ ಕಣ್ಣಮುಂದೆ ಬಂತು. ನಾಲ್ಕು ತಿಂಗಳ ಕೂಸು, ಬಿಳಿಯೆನ್ನುವಷ್ಟು ಹೊಂಬಣ್ಣದ ಕೂದಲು, ಲಾರ್ಟರ್ ಮನೆತನದಲ್ಲಿ ಯಾರಿಗೂ ಇಲ್ಲದ ಕೂದಲು.

ಬೆಳಿಗ್ಗೆ ಅಡುಗೆಮನೆಯಲ್ಲಿ ಆ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಮಗಳು ಡೋರೀನ್ ಅವನಿಂದ ಪಾಠ ಒಪ್ಪಿಸಿಕೊಂಡಿದ್ದಳು. "ಇನ್ನೊಂದ್ಸಲ ಹೇಳಪ್ಪ. ಕೊನ್‌ರಾಡ್." "ಕೊನ್‌ರಾಡ್" ಅಂದಿದ್ದ ಹರ್ಬರ್ಟ್. "ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಕೊಂಡೋರ ಹಾಗೆ ಹೇಳ್ತೀಯಲ್ಲ. ಹೆಸರು ಕಣಪ್ಪ ಅದು, ಬೈಗುಳ ಅಲ್ಲ." ಮೂಲೆಯಲ್ಲಿ ಕ್ಯಾರೆಟ್ ಹೆರೆಯುತ್ತಿದ್ದ ಹೆಂಡತಿ ನೋರಾ ತಲೆಯೆತ್ತದೆ, "ನಾಳೆ ಅಂಗಡಿಗೆ ಹೋಗೋಳು ನಾನು, ನೀನಲ್ಲ. ಈ ಊರಲ್ಲಿ ಹನ್ನೊಂದು ಮನೆಯಲ್ಲಿ ಗಂಡಸರು ಯುದ್ಧದಿಂದ ವಾಪಸ್ ಬಂದಿಲ್ಲ. ಜಾರ್ಜ್ ಅನ್ನು, ವಿಲಿಯಂ ಅನ್ನು, ಯಾರು ಬೇಡ ಅಂತಾರೆ?" ಎಂದಳು. "ಇವನ ಅಪ್ಪ ಜಾರ್ಜ್ ಅಲ್ವಲ್ಲಮ್ಮ" ಎಂದಳು ಡೋರೀನ್. ಪದ್ಧತಿಯ ಪ್ರಕಾರ ಮಗುವಿನ ಹೆಸರನ್ನು ಹೇಳುವುದು ತಾಯಿಯಲ್ಲ, ಮಗುವಿನ ಪರವಾಗಿ ದೇವರಿಗೆ ಮಾತು ಕೊಡುವ ಧರ್ಮಪಿತ. ಧರ್ಮಪಿತನಾಗಲು ಊರಿನಲ್ಲಿ ಒಬ್ಬರೂ ಒಪ್ಪಿರಲಿಲ್ಲ. ಗಂಡುಮಗುವಿಗೆ ಇಬ್ಬರು ಧರ್ಮಪಿತರು ಬೇಕು. "ನಿಮ್ಮ ವಿಷಯದಲ್ಲಿ ಒಬ್ಬರು ಸಾಕು ಬಿಡು ಲಾರ್ಟರ್, ನೀನೇ ನಿಲ್ಲು" ಎಂದು ಪಾದ್ರಿ ಉದಾರವಾಗಿ ಹೇಳಿದ್ದರು. ಧರ್ಮಮಾತೆಯಾಗಿ ಅವರ ಹೆಂಡತಿಯೇ ಬರುತ್ತಾರಂತೆ, ಬೇರೆ ಯಾರೂ ಇಲ್ಲದ್ದರಿಂದ. ನೋರಾ ತಲೆನೋವೆಂದು ಮನೆಯಲ್ಲೇ ಉಳಿಯುತ್ತಾಳೆ. ಆ ತಲೆನೋವು ಗುರುವಾರವೇ ನಿಶ್ಚಯವಾಗಿತ್ತು.

ಯುದ್ಧ ಮುಗಿದ ಮರುವರ್ಷದ ಕ್ರಿಸ್‌ಮಸ್ಸಿಗೆ, ಸೆರೆಸಿಕ್ಕ ಜರ್ಮನರನ್ನು ಮನೆಗೆ ಊಟಕ್ಕೆ ಕರೆಯಬಹುದೆಂದು ಸರ್ಕಾರ ಹೇಳಿದಾಗ, ದೊಡ್ಡಮನೆಯ ಬೀಟ್‌ಗೆಡ್ಡೆ ಹೊಲದಲ್ಲಿ ಕೆಲಸಕ್ಕಿದ್ದ ಕೊನ್‌ರಾಡ್ ಎಂಬ ಹುಡುಗನನ್ನು ಕೈಹಿಡಿದು ಕರೆದುಕೊಂಡು ಬಂದವನು ಹರ್ಬರ್ಟನೇ. ಅದನ್ನು ನೋರಾ ದಿನಕ್ಕೊಮ್ಮೆಯಾದರೂ ನೆನಪಿಸುತ್ತಾಳೆ. ಆ ಹುಡುಗ ಮೊಲದ ಮಾಂಸದ ಸಾರನ್ನು ಕಣ್ಣುಮುಚ್ಚಿಕೊಂಡು ಉಂಡ. ಹಿತ್ತಿಲ ಗೇಟಿನ ತಿರುಗಣೆ ತಾನಾಗಿಯೇ ಸರಿಮಾಡಿದ. ಮುಂದಿನ ಭಾನುವಾರ ಚರ್ಚಿಗೆ ಬಂದು ಈ ಕಲ್ಲುತೊಟ್ಟಿಯ ಮುಂದೆ ನಿಂತುಕೊಂಡ. ಡೋರೀನ್ ಅವನಿಗೆ ಹರ್ಬರ್ಟನ ಅಜ್ಜಿ ಹೇಳುತ್ತಿದ್ದ ಕತೆಯನ್ನು ಅರ್ಧ ಮಾತು ಅರ್ಧ ಕೈಸನ್ನೆಯಲ್ಲಿ ಹೇಳುತ್ತಿದ್ದಾಗ ತೊಟ್ಟಿಯ ಅಂಚಿನಲ್ಲಿ ಸವೆದ ಕಚ್ಚಿಗೆ ಬೆರಳಿಟ್ಟು, "ಸರಪಳಿ" ಎಂದಿದ್ದ. ಎಷ್ಟೋ ವರ್ಷಗಳಿಂದ ಯಾರೂ ನಂಬದ ಆ ಮಾತನ್ನು ಒಬ್ಬ ಶತ್ರು ನಂಬಿದ್ದ. ಹೋದ ವರ್ಷ ಬೇಸಿಗೆಯಲ್ಲಿ ಅವನನ್ನು ಹಡಗು ಹತ್ತಿಸಿ ಕಳಿಸಿದರು. ಅವನ ಊರು ರಷ್ಯನ್ನರ ಕಡೆಗೆ ಹೋಯಿತಂತೆ, ಆಮೇಲೆ ಸುದ್ದಿಯಿಲ್ಲ.

ಅಜ್ಜಿಯ ಕತೆ ಇಷ್ಟು. ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ಹತ್ತಿದ ಕಾಲದಲ್ಲಿ ಪಾರ್ಲಿಮೆಂಟಿನ ಕಡೆಯ ಸೈನಿಕರು ಊರೂರು ತಿರುಗಿ ಚರ್ಚುಗಳ ಬಣ್ಣದ ಗಾಜು, ಕಲ್ಲಿನ ಮುಖ, ಏನು ಕಂಡರೂ ವಿಗ್ರಹವೆಂದು ಒಡೆದುಹಾಕುತ್ತಿದ್ದರು. ಈ ಊರು ಬ್ರಾಕ್‌ಮಿಯರಿನ ತೊಟ್ಟಿಗೆ ಸುತ್ತಲೂ ಸಿಂಹಗಳಿವೆ, ನಡುವೆ ಬಾಯಿ ತೆರೆದ ಒಂದು ಮುಖವಿದೆ, ಬಿಡುತ್ತಿರಲಿಲ್ಲ. ಟೋಬಿ ಲಾರ್ಟರ್ ಎಂಬವನು ತನ್ನ ಎತ್ತುಗಳಿಗೆ ಸರಪಳಿ ಕಟ್ಟಿ ಅದನ್ನು ಎಳೆದೊಯ್ದು ತನ್ನ ಕೊಟ್ಟಿಗೆಯ ಗೊಬ್ಬರದ ಗುಂಡಿಯಲ್ಲಿ ಹುಗಿದ. ಸೈನಿಕರು ಬಂದು ಕೇಳಿದರು, ಅವನು ಹೇಳಲಿಲ್ಲ. ಬಲಗೈಯನ್ನು ಬಾಗಿಲ ಹೊಸ್ತಿಲ ಮೇಲಿಡಿಸಿ ಸುತ್ತಿಗೆಯಿಂದ ಜಜ್ಜಿದರು, ಆಗಲೂ ಹೇಳಲಿಲ್ಲ. ಮತ್ತೆ ರಾಜ ಬಂದ, ಕಾಲ ತಿರುಗಿತು. ಅಷ್ಟರಲ್ಲಿ ಟೋಬಿ ಸತ್ತಿದ್ದ, ಚರ್ಚಿನವರು ತವರದ ಬೋಗುಣಿಯೊಂದಕ್ಕೆ ಒಗ್ಗಿಹೋಗಿದ್ದರು, ತೊಟ್ಟಿಯನ್ನು ಯಾರೂ ಕೇಳಲಿಲ್ಲ. ಮೊಮ್ಮಕ್ಕಳು ಅಗೆದು ತೆಗೆದು ಹಂದಿಗಳಿಗೆ ಕಲಗಚ್ಚು ಹಾಕಲು ಇಟ್ಟುಕೊಂಡರು. ಅದೂ ನಿಜವೇ. ಇನ್ನೂರು ವರ್ಷದ ಮೇಲೆ ಹಿಂದಿನ ಪಾದ್ರಿಯೊಬ್ಬರು ಹಂದಿಗಳ ಮೂತಿಯ ಕೆಳಗೆ ಸಿಂಹಗಳನ್ನು ಕಂಡು, ಗಾಡಿ ತಂದು ಹೊತ್ತೊಯ್ದು, ಮುಂದಿನ ಭಾನುವಾರ ಹಂದಿಗಳ ಮುಂದೆ ಮುತ್ತು ಚೆಲ್ಲಬೇಡಿ ಎಂಬ ಬೈಬಲ್ ಮಾತಿನ ಮೇಲೆ ಪ್ರಸಂಗ ಮಾಡಿದರು. ಅವತ್ತಿನಿಂದ ಲಾರ್ಟರ್ ಮನೆಯವರಿಗೆಲ್ಲ ಊರಿನಲ್ಲಿ 'ಬಾನಿ' ಎಂದು, ಕಲಗಚ್ಚಿನ ತೊಟ್ಟಿಯೆಂದು, ಹೆಸರು. ಶಾಲೆಯಲ್ಲಿ ಹರ್ಬರ್ಟ್ ಬಾಗಿಲಲ್ಲಿ ಕಾಲಿಟ್ಟರೆ ಹಿಂದಿನ ಬೆಂಚಿನಿಂದ ಗುರ್ ಗುರ್ ಎಂದು ಸದ್ದು ಬರುತ್ತಿತ್ತು. ಮನೆಗೆ ಬಂದು ಅತ್ತರೆ ಅಜ್ಜಿ ಟೋಬಿಯ ಕೈಯ ಕತೆ ಹೇಳುತ್ತಿದ್ದಳು. ಅದೇ ಕತೆಯನ್ನು ಅವನು ಡೋರೀನಳಿಗೆ ಹೇಳಿದ್ದ. ಹೇಳುವಾಗ ತನ್ನ ಬಲಗೈಯ ಬೆರಳುಗಳನ್ನು ಸೊಟ್ಟ ಮಾಡಿ ತೋರಿಸುತ್ತಿದ್ದ. ಅವಳು ಆ ಬೆರಳುಗಳನ್ನು ಒಂದೊಂದಾಗಿ ನೇರ ಮಾಡುತ್ತಿದ್ದಳು.

ದೊಡ್ಡಮನೆಯವರು ಬಂದರು. ಕಾರಿನ ಬಾಗಿಲುಗಳು ಒಂದಾದ ಮೇಲೊಂದು ಮುಚ್ಚಿಕೊಂಡವು. ರೇಷನ್ ಚೀಟಿಗೆ ಅಳೆದು ಬಟ್ಟೆ ಕೊಡುವ ಈ ಕಾಲದಲ್ಲೂ ಮಗುವಿನ ಲೇಸಿನ ಅಂಗಿ ನೆಲಕ್ಕೆ ತಾಗುವಷ್ಟು ಉದ್ದವಿತ್ತು, ಯಾರದೋ ಮುತ್ತಜ್ಜಿಯದು. ಹರ್ಬರ್ಟ್ ತೊಟ್ಟಿಯ ಮರದ ಮುಚ್ಚಳವನ್ನು ರಾಟೆಯಿಂದ ಮೇಲಕ್ಕೆಳೆದು ಗೋಡೆಯ ಪಕ್ಕ ನಿಂತುಕೊಂಡ. ನೀರಿನಿಂದ ತೆಳ್ಳಗೆ ಹಬೆ ಏಳುತ್ತಿತ್ತು. ಲಂಡನ್ನಿನಿಂದ ಬಂದಿದ್ದ ಮೀಸೆಯ ಗೃಹಸ್ಥನೊಬ್ಬ, ಮಗುವಿನ ಧರ್ಮಪಿತ, ತೊಟ್ಟಿಯನ್ನು ಬೆರಳಿನಿಂದ ತಟ್ಟಿ, "ಇದೇನಿದು, ನೋಹನ ಕಾಲದ್ದೋ?" ಎಂದ. ಪಾದ್ರಿ ಮಾಂಕ್ಟನ್ ಅವರಿಗೆ ಅಷ್ಟೇ ಬೇಕಾಗಿತ್ತು. ಸಿಂಹಗಳನ್ನು ತೋರಿಸಿದರು, ನಾರ್ಮನ್ ರಾಜರ ಹೆಸರು ಹೇಳಿದರು; ಆಮೇಲೆ ಅವರ ದನಿ ಹಗುರಾಯಿತು. ಅದು ಹಗುರಾಗುತ್ತಿದ್ದಂತೆ ಹರ್ಬರ್ಟನ ಮುಖ ತಾನಾಗಿಯೇ ನಗುವಿಗೆ ಸಿದ್ಧವಾಗತೊಡಗಿತು. ಅದನ್ನು ತಡೆಯುವುದು ಅವನಿಂದ ಆಗುತ್ತಿರಲಿಲ್ಲ. "...ಎರಡು ಶತಮಾನ ಇದು ಎಲ್ಲಿತ್ತು ಅಂತೀರಿ? ಹಂದಿದೊಡ್ಡಿಯಲ್ಲಿ! ಈ ಅಂಚು ನೋಡಿ, ಹೇಗೆ ಸವೆದಿದೆ. ಹಂದಿಗಳ ಗಡ್ಡ ಉಜ್ಜಿ ಉಜ್ಜಿ. ಆ ಹಂದಿಗಳ ಒಡೆಯರ ವಂಶಸ್ಥ ಇಲ್ಲೇ ಇದ್ದಾನೆ. ಬಾ ಲಾರ್ಟರ್, ನಾಚ್ಕೋಬೇಡ. ನಿಮ್ಮ ಹಂದಿಗಳು ಹೇಗಿದ್ವು ಅಂತ ಹೇಳು ಇವರಿಗೆ." ಎಲ್ಲರೂ ತಿರುಗಿ ನೋಡಿದರು. ಹರ್ಬರ್ಟ್ ಎರಡು ಹೆಜ್ಜೆ ಮುಂದೆ ಬಂದು, ಟೋಪಿಯನ್ನು ಎದೆಗೊತ್ತಿಕೊಂಡು, ಬಿಷಪ್ಪರು ಬಂದಾಗ ಹೇಳಿದ್ದನ್ನೇ, ಶಾಲೆಯ ಮಕ್ಕಳು ಬಂದಾಗ ಹೇಳಿದ್ದನ್ನೇ ಹೇಳಿದ: "ಬಲು ಒಳ್ಳೆ ಕ್ರಿಶ್ಚಿಯನ್ ಹಂದಿಗಳು ಅಯ್ನೋರೆ. ಕಲಗಚ್ಚು ಕುಡಿಯೋಕೆ ಮುಂಚೆ ಪ್ರಾರ್ಥನೆ ಮಾಡ್ತಿದ್ವು." ನಗೆ ಮೇಲಿನ ಮರದ ತೊಲೆಗಳವರೆಗೂ ಹೋಯಿತು. ಮೀಸೆಯವನು ಅವನ ಭುಜ ತಟ್ಟಿ ಒಂದು ಸಿಗರೇಟು ಕೊಟ್ಟ. ಅದನ್ನು ಕಿವಿಯ ಹಿಂದೆ ಸಿಕ್ಕಿಸಿಕೊಳ್ಳುತ್ತಾ ಹರ್ಬರ್ಟ್ ತಲೆಯೆತ್ತಿದ. ಬಾಗಿಲ ಬಳಿಯ ಕೊನೆಯ ಬೆಂಚಿನಲ್ಲಿ ಡೋರೀನ್ ಕೂತಿದ್ದಳು. ಎಲ್ಲರೂ ಹೋದ ಮೇಲೆ ಬಾ ಎಂದಿದ್ದ. ಅವಳು ಮೊದಲೇ ಬಂದಿದ್ದಳು.

ಅವಳು ನಗುತ್ತಿರಲಿಲ್ಲ. ಬೈಯುವವಳ ಹಾಗೂ ಕಾಣಲಿಲ್ಲ. ಆಟದ ಗೊಂಬೆಯ ಹೊಟ್ಟೆ ಬಿಚ್ಚಿ ಒಳಗೆ ಹೊಟ್ಟು ತುಂಬಿರುವುದನ್ನು ಕಂಡ ಮಗುವಿನ ಹಾಗೆ ಅವನನ್ನು ನೋಡುತ್ತಿದ್ದಳು. ದೊಡ್ಡಮನೆಯ ಮಗುವಿನ ನೆತ್ತಿಗೆ ನೀರು ಬಿತ್ತು. ಅದು ಚೀರಲಿಲ್ಲ, ಆಕಳಿಸಿತು. ಕಾರುಗಳು ಹೊರಟವು. ಲೇಡಿ ಥರ್ಲೋ ಮಾತ್ರ ಹೊರಡಲಿಲ್ಲ. ಪ್ರತಿ ಭಾನುವಾರ ಪೂಜೆ ಮುಗಿದ ಮೇಲೆ ಮಾಡುವಂತೆ, ತೊಟ್ಟಿಯ ಎದುರಿನ ಗೋಡೆಯಲ್ಲಿ ತಮ್ಮ ಮಗನ ಹೆಸರಿನ ಅಮೃತಶಿಲೆಯ ಕೆಳಗೆ ಕೈಗವಸು ಬಿಚ್ಚಿ ಕೂತರು. ಹ್ಯೂ ಥರ್ಲೋ. ಜರ್ಮನರ ಎದುರು ನಾರ್ಮಂಡಿಯಲ್ಲಿ ಮಡಿದವನು. ಅವರು ಕೂತುಬಿಡುತ್ತಾರೆಂದು ಹರ್ಬರ್ಟನಿಗೆ ತಿಳಿದಿರಬೇಕಾಗಿತ್ತು. ಆ ಬೆಂಚನ್ನು ಪ್ರತಿ ಶನಿವಾರ ಒರೆಸುವವನು ಅವನೇ. ಆದರೂ ಯಾಕೋ ಹೊಳೆದಿರಲಿಲ್ಲ. "ಅಯ್ನೋರೆ, ಸ್ವಲ್ಪ ಹೊತ್ತು ತಡೆಯೋಣವಾ, ಅಮ್ಮಾವ್ರು ಎದ್ದ ಮೇಲೆ..." ಎಂದು ಪಿಸುಗುಟ್ಟಿದ. ಪಾದ್ರಿಯ ಹೆಂಡತಿ ಕೈಗಡಿಯಾರ ನೋಡಿಕೊಂಡರು. "ಅವರಿಗೇನೂ ತೊಂದರೆ ಇಲ್ಲ. ನಮಗೂ ಚಹಾಕ್ಕೆ ಹೋಗಬೇಕಲ್ಲ, ಬೇಗ ಮುಗಿಸೋಣ" ಎಂದರು ಪಾದ್ರಿ.

ಡೋರೀನ್ ಮಗುವನ್ನೆತ್ತಿಕೊಂಡು ಬಂದು ತೊಟ್ಟಿಯ ಪಕ್ಕ ನಿಂತಳು. ಆ ಕಚ್ಚಿನ ಮೇಲೆ ಬೆರಳಾಡಿಸಿ, ಎಲ್ಲರಿಗೂ ಕೇಳುವಂತೆ, "ಅಪ್ಪ, ಇದು ಹಂದಿ ಉಜ್ಜಿದ್ದಲ್ಲ ಅಂತ ಅಯ್ನೋರಿಗೆ ಹೇಳಿಲ್ವಾ ನೀನು? ಟೋಬಿ ತಾತನ ಕೈ ವಿಷಯ?" ಎಂದಳು. ಪಾದ್ರಿ ಆಸಕ್ತಿಯಿಂದ ತಿರುಗಿದರು. "ಯಾರು ಟೋಬಿ?" ಒಂದು ಕ್ಷಣ ಹರ್ಬರ್ಟನ ಬಾಯಿಯಲ್ಲಿ ಇಡೀ ಕತೆ ಬಂದು ಕೂತಿತು, ಎತ್ತು, ಸರಪಳಿ, ಹೊಸ್ತಿಲು, ಸುತ್ತಿಗೆ. ಕೇಳಿದವರು ಏನೆನ್ನಬಹುದು? ಬಿಷಪ್ಪರ ಮುಂದೆ ಇಷ್ಟು ವರ್ಷ ನಕ್ಕು ನಗಿಸಿದ್ದಕ್ಕೆ ಈಗ ಏನು ಅರ್ಥ ಬರಬಹುದು? "ಅದು ಅಜ್ಜಿ ಹೇಳ್ತಿದ್ದ ಕಟ್ಟುಕತೆ ಅಯ್ನೋರೆ. ಮಕ್ಕಳು ನಿದ್ದೆ ಮಾಡ್ಲಿ ಅಂತ ಹೇಳ್ತಿದ್ಲು" ಎಂದ. ನಕ್ಕ ಕೂಡ. "ಪ್ರತಿ ಊರಿಗೂ ಇಂಥದೊಂದು ಇರುತ್ತೆ" ಎಂದು ಪಾದ್ರಿ ಪುಸ್ತಕ ತೆರೆದರು. ಡೋರೀನ್ ಕಚ್ಚಿನಿಂದ ಬೆರಳು ತೆಗೆದು ಮಗುವಿನ ಟೋಪಿಯ ದಾರ ಬಿಚ್ಚತೊಡಗಿದಳು.

ಸೈತಾನನನ್ನೂ ಅವನ ಕ್ರಿಯೆಗಳನ್ನೂ ತೊರೆಯುತ್ತೀಯಾ ಎಂದು ಪಾದ್ರಿ ಕೇಳಿದರು. ತೊರೆಯುತ್ತೇನೆ ಎಂದ ಹರ್ಬರ್ಟ್. ಲೋಕದ ಹುಸಿ ಆಡಂಬರವನ್ನು? ಅದನ್ನೂ ತೊರೆದ. ಪಾದ್ರಿಯ ಹೆಂಡತಿ ಮಗುವನ್ನು ಎತ್ತಿಕೊಂಡು, ಮಣ್ಣು ಮೆತ್ತಿದ ತರಕಾರಿಯನ್ನು ಹಿಡಿದಂತೆ ಮೈಗೆ ತಾಗಿಸಿಕೊಳ್ಳದೆ, ಗಂಡನ ತೋಳಿಗೆ ದಾಟಿಸಿದರು. "ಈ ಮಗುವಿಗೆ ಹೆಸರಿಡಿ" ಎಂದರು ಪಾದ್ರಿ. ಆ ಮಾತು ಇನ್ನೂ ಒಂದೆರಡು ನಿಮಿಷದ ಮೇಲೆ ಬರುತ್ತದೆಂದು ಹರ್ಬರ್ಟ್ ಅಂದುಕೊಂಡಿದ್ದ. ಇಷ್ಟು ವರ್ಷ ಅದನ್ನು ಗೋಡೆಯ ಪಕ್ಕ ನಿಂತು ಕೇಳಿದವನಿಗೆ, ಅದು ತನ್ನ ಕಡೆಗೆ ತಿರುಗಿದಾಗ ಬಾವಿಯೊಳಗೆ ಇಣುಕಿದ ಹಾಗಾಯಿತು. ಕೊನ್‌ರಾಡ್. ನಾಲಿಗೆಯ ಮೇಲೆ ಆ ಹೆಸರು ಇತ್ತು, ಬೆಳಿಗ್ಗೆ ಮಗಳು ತಿದ್ದಿ ತಿದ್ದಿ ಕೂರಿಸಿದ್ದು. ಪಾದ್ರಿಯ ಭುಜದಾಚೆ ಲೇಡಿ ಥರ್ಲೋ ತಲೆಯೆತ್ತಿ ನೋಡುತ್ತಿದ್ದರು. ಅವರ ನೋಟದಲ್ಲಿ ಏನೂ ಇರಲಿಲ್ಲ. ಎದುರಿಗೆ ಸದ್ದಾದರೆ ಯಾರಾದರೂ ನೋಡುವಂತೆ ನೋಡುತ್ತಿದ್ದರು. ಆದರೆ ಹರ್ಬರ್ಟನಿಗೆ ಅವರ ಮಡಿಲಲ್ಲಿ ಬಿದ್ದಿದ್ದ ಕೈಗವಸು ಕಂಡಿತು, ನಾಳೆ ಅಂಗಡಿಯಲ್ಲಿ ನೋರಾಳ ಬೆನ್ನ ಹಿಂದೆ ನಿಲ್ಲುವ ಮೌನ ಕಂಡಿತು, ಹಿಂದಿನ ಬೆಂಚಿನ ಗುರ್ ಗುರ್ ಕೇಳಿಸಿತು. ಜಾರ್ಜ್ ಎನ್ನಬಹುದಿತ್ತು, ವಿಲಿಯಂ ಎನ್ನಬಹುದಿತ್ತು. ನೋರಾ ಎರಡನ್ನೂ ಕೈಗೆ ಕೊಟ್ಟಿದ್ದಳು. ಆ ಗಳಿಗೆಯಲ್ಲಿ ಲೋಕದಲ್ಲಿದ್ದ ಹೆಸರುಗಳೆಲ್ಲ ಅವನ ತಲೆಯಿಂದ ಸೋರಿಹೋದವು. ಕಣ್ಣು ಆಸರೆಗೆ ತಡಕಾಡಿ ಗೋಡೆಯ ಬಿಳಿ ಕಲ್ಲಿಗೆ ತಾಗಿತು, ಅಲ್ಲಿ ಕಪ್ಪಕ್ಷರದಲ್ಲಿ ಒಂದು ಹೆಸರಿತ್ತು, ಬಾಯಿ ಅದನ್ನು ಓದಿಬಿಟ್ಟಿತು.

"ಹ್ಯೂ."

ಪಾದ್ರಿ ಹುಬ್ಬೆತ್ತಿದರು. ಆದರೆ ಕೈ ಆಗಲೇ ನೀರಿನಲ್ಲಿತ್ತು, ಅಭ್ಯಾಸದ ಕೈ. "ಹ್ಯೂ, ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ..." ನೀರು ತಣ್ಣಗಿತ್ತು, ಮಗು ಮೈಯೆಲ್ಲ ಸೆಟೆದು ಚೀರಿತು. ಆ ಚೀರಾಟದ ನಡುವೆ ಡೋರೀನ್ "ಅಲ್ಲ" ಎಂದಳು. ಮತ್ತೆ, ಇನ್ನೂ ಮೆಲ್ಲಗೆ, "ಅಲ್ಲ, ಅದಲ್ಲ" ಎಂದಳು. ಮೂರನೆಯ ಸಲ ನೀರು ಬಿದ್ದಾಗಿತ್ತು.

ಲೇಡಿ ಥರ್ಲೋ ಎದ್ದು ಬಂದರು. ನಡೆಯುವಾಗ ಅವರ ಬೆತ್ತ ಕಲ್ಲುಹಾಸಿನ ಮೇಲೆ ಸದ್ದು ಮಾಡಲಿಲ್ಲ, ಅದನ್ನವರು ಕೈಯಲ್ಲಿ ಎತ್ತಿ ಹಿಡಿದಿದ್ದರು. "ಮಾಂಕ್ಟನ್, ಆ ಹೆಸರು ವಾಪಸ್ ತಗೊಳ್ಳಿ." "ಅದು... ಅದು ಆಗೋದಿಲ್ಲ ಲೇಡಿ ಥರ್ಲೋ. ನೀರು ಬಿದ್ದಾಯಿತು." "ನೀರು ತಾನೆ? ಒರೆಸಿ." ಪಾದ್ರಿಯ ಮುಖ ಕೆಂಪಾಯಿತು. ಸಂಸ್ಕಾರವೆಂದರು, ನಿಯಮವೆಂದರು, ಒಮ್ಮೆ ಆದದ್ದನ್ನು ಆರ್ಚ್‌ಬಿಷಪ್ಪರು ಬಂದರೂ ಅಳಿಸಲಾಗದೆಂದರು. ಲೇಡಿ ಥರ್ಲೋ ಕೇಳಿಸಿಕೊಳ್ಳಲಿಲ್ಲ. ಮಗುವಿನ ಒದ್ದೆ ಕೂದಲನ್ನು, ಆ ಬಣ್ಣವನ್ನು, ಬಹಳ ಹೊತ್ತು ನೋಡಿದರು. ಆಮೇಲೆ ಹರ್ಬರ್ಟನ ಕಡೆ ತಿರುಗಿದರು.

"ಯಾರ ಯೋಚನೆ ಇದು, ಲಾರ್ಟರ್?"

ಯೋಚನೆ ಎಂಬುದೇ ಇರಲಿಲ್ಲ ಎಂದು ಅವರಿಗೆ ಹೇಗೆ ಹೇಳುವುದು. ಕಣ್ಣು ಜಾರಿತು, ಬಾಯಿ ಹಿಂದೆ ಹೋಯಿತು, ಅಷ್ಟೇ. ಅಷ್ಟೇ ಎಂದರೆ ನಂಬುತ್ತಾರೆಯೇ? ಅವನು ನಿಂತಿರುವ ಕಲ್ಲುಹಾಸು, ಮಲಗುವ ಮನೆ, ಎರಡೂ ದೊಡ್ಡಮನೆಯದು. "ಮಗಳ ಆಸೆ, ಅಮ್ಮಾವ್ರೆ" ಎಂದ. ಹೇಳಿದ ಮೇಲೆ ತನ್ನ ದನಿ ಎಷ್ಟು ಸಲೀಸಾಗಿ ಬಂತೆಂದು ಅವನಿಗೇ ಬೆರಗಾಯಿತು. ಹಂದಿಗಳ ಮಾತು ಹೇಳುವಾಗಿನ ದನಿಯೇ ಅದು, ಅಷ್ಟೇ ನಯ, ಅಷ್ಟೇ ವಿಧೇಯ.

ಡೋರೀನ್ ಅವನನ್ನು ನೋಡಲಿಲ್ಲ. ಪಾದ್ರಿಯ ತೋಳಿನಿಂದ ಮಗುವನ್ನು ತೆಗೆದುಕೊಂಡು ತನ್ನ ಸ್ಕಾರ್ಫಿನಿಂದ ತಲೆ ಒರೆಸಿದಳು. "ನಿಮ್ಮ ಮಗನ ಹೆಸರು ನನಗೆ ಬೇಕಾಗಿರಲಿಲ್ಲ ಅಮ್ಮಾವ್ರೆ. ಇವನಿಗೆ ಇವನಪ್ಪನ ಹೆಸರು ಇಡ್ಬೇಕು ಅಂತಿದ್ದೆ. ಕೊನ್‌ರಾಡ್."

"ಇಡಬೇಕಾಗಿತ್ತು" ಎಂದರು ಲೇಡಿ ಥರ್ಲೋ. "ಅದು ನಿಮ್ಮದು. ಅದನ್ನ ಇಟ್ಟಿದ್ದರೆ ನಾನು ಎದ್ದು ಹೋಗಿ ಚಹಾ ಕುಡೀತಿದ್ದೆ. ನನ್ನ ಹತ್ರ ಉಳಿದದ್ದು ಆ ಕಲ್ಲಿನ ಮೇಲಿನ ಹೆಸರು ಒಂದೇ. ಅದನ್ನೂ ನಿಮ್ಮ ಬಾನಿಗೆ ಹಾಕ್ಕೊಂಡ್ರಿ." ಅವರು ಹೋದ ಮೇಲೆ ಪಾದ್ರಿಯ ಹೆಂಡತಿ ಅವರ ಕೈಗವಸನ್ನು ಬೆಂಚಿನಿಂದ ಎತ್ತಿಕೊಂಡು ಹಿಂದೆಯೇ ಓಡಿದರು.

ದಾರಿಯಲ್ಲಿ ಹರ್ಬರ್ಟ್ ಮಗಳಿಗಿಂತ ಹತ್ತು ಮಾರು ಹಿಂದೆ ನಡೆದ. ಮನೆಯಲ್ಲಿ ಸುಮ್ಮನೆ ಹ್ಯೂ ಅನ್ನದೆ ಬೇರೇನಾದರೂ ಕರೆದರಾಯಿತು, ಎಷ್ಟೋ ಜನ ಹಾಗೆ ಕರೆಯುವುದಿಲ್ಲವೆ, ಎಂದು ಹೇಳಬೇಕೆಂದುಕೊಂಡ. ಗೇಟಿನ ಹತ್ತಿರ ಅವಳು ತಟ್ಟನೆ ನಿಂತು ಮಗುವನ್ನು ಅವನ ತೋಳಿಗೆ ಕೊಟ್ಟು, ಬಿಚ್ಚಿದ ಕೂದಲನ್ನು ಸ್ಕಾರ್ಫಿನಲ್ಲಿ ಕಟ್ಟಿಕೊಳ್ಳತೊಡಗಿದಳು. ಕೊಡುವಾಗ ಕೂಡ ಮಗುವಿನ ಕತ್ತಿಗೆ ಕೈಯಾನಿಸಿ ಜೋಪಾನವಾಗಿ ಕೊಟ್ಟಳು. ಮಗು ಅವನ ಕಿವಿಯ ಹಿಂದಿನ ಸಿಗರೇಟಿಗೆ ಕೈಚಾಚಿತು. "ಕರಿ" ಎಂದಳು ಡೋರೀನ್. "ಏನು?" "ಅವನನ್ನ ಕರಿಯಪ್ಪ. ಹೆಸರಿಟ್ಟೋನು ನೀನು. ಒಂದ್ಸಲ ಕರಿ, ನೋಡ್ತೀನಿ." ಹರ್ಬರ್ಟ್ ಬಾಯಿ ತೆರೆದ. ಒಂದು ಹೆಸರು ಅವನದಾಗಿರಲಿಲ್ಲ, ಇನ್ನೊಂದನ್ನು ಹೇಳುವ ಹಕ್ಕು ಹೋಗಿತ್ತು. "ಚಳಿ ಇದೆ, ಒಳಗೆ ನಡಿ" ಎಂದ. ಅವಳು ಕತ್ತು ಆಡಿಸಿದಳು, ಇಷ್ಟು ದಿನ ತಿಳಿಯದಿದ್ದ ಸಣ್ಣದೊಂದು ವಿಷಯ ತಿಳಿದವಳಂತೆ. "ನಾಳೆ ಬೆಳಗಿನ ಬಸ್ಸಿಗೆ ಯಾರ್‌ಮತ್‌ಗೆ ಹೋಗ್ತೀನಿ. ಅಲ್ಲಿ ಮೀನಿನ ಕಾರ್ಖಾನೇಲಿ ಹೆಂಗಸರನ್ನ ತಗೋತಾರಂತೆ. ನೀನು ಬಸ್ ಸ್ಟಾಪಿಗೆ ಬರೋದು ಬೇಡ" ಎಂದು ಮಗುವನ್ನು ಕಸಿದುಕೊಂಡು ಮನೆಯನ್ನು ಬಳಸಿ ಹಿತ್ತಿಲಿಗೆ ಹೋದಳು.

ಅಡುಗೆಮನೆಯಲ್ಲಿ ನೋರಾ ಬಾಗಿಲ ಕಡೆಗೇ ಮುಖ ಮಾಡಿ ಕೂತಿದ್ದಳು. "ಆ ಹೆಸರು ಹೇಳ್ಲಿಲ್ಲ ತಾನೆ?" "ಇಲ್ಲ." "ಸದ್ಯ, ಬದುಕಿದೆ" ಎಂದು ಎದ್ದು ಒಲೆಯ ಮೇಲೆ ಚಹಾಕ್ಕಿಟ್ಟಳು. ತಲೆನೋವು ಅವಳ ಮುಖದಿಂದ ಇಳಿದುಹೋಗಿತ್ತು, ಹತ್ತು ವರ್ಷ ಚಿಕ್ಕವಳಾಗಿ ಕಂಡಳು. ಇಷ್ಟು ಪ್ರೀತಿಯಿಂದ ಅವಳು ಅವನಿಗೆ ಚಹಾ ಮಾಡಿ ಎಷ್ಟು ಕಾಲವಾಗಿತ್ತೋ. ವಾರದ ಸಕ್ಕರೆಯಲ್ಲಿ ಉಳಿದಿದ್ದ ಎರಡು ಚಮಚವನ್ನೂ ಅವನ ಲೋಟಕ್ಕೇ ಹಾಕಿದಳು. "ಮತ್ತೆ ಏನಂತ ಇಟ್ರಿ?" ಹರ್ಬರ್ಟ್ ಹೇಳಿದ. ಚಮಚ ತಿರುವುತ್ತಿದ್ದ ಅವಳ ಕೈ ನಿಂತಿತು. "ಅಮ್ಮಾವ್ರು ಇದ್ರಾ?" "ಇದ್ರು." ನೋರಾ ಕೂತಳು.

ಹಿತ್ತಿಲಿನಲ್ಲಿ ಡೋರೀನ್ ನಾಳೆಯ ಪ್ರಯಾಣಕ್ಕೆಂದು ಮಗುವಿನ ಬಟ್ಟೆಗಳನ್ನು ಹಗ್ಗದಿಂದ ತೆಗೆಯುತ್ತಿದ್ದಳು. ಮಗುವನ್ನು ತಳ್ಳುಗಾಡಿಯಲ್ಲಿ ಮಲಗಿಸಿದ್ದಳು. ಒಂದು ಬಟ್ಟೆ ತೆಗೆದು ಮಡಿಸಿ, ಬಗ್ಗಿ ಮಗುವಿನ ಮುಖಕ್ಕೆ ಮುಖ ತಂದು, "ಕೊನ್‌ರಾಡ್" ಎನ್ನುತ್ತಿದ್ದಳು. ಮತ್ತೊಂದು ಬಟ್ಟೆ. "ಕೊನ್‌ರಾಡ್!" ಪಿಸುಮಾತಲ್ಲ, ಬೇಲಿಯಾಚೆಯ ಮನೆಗೆ, ಅದರಾಚೆಯ ಮನೆಗೆ, ಬಹುಶಃ ರಸ್ತೆಯಲ್ಲಿ ಹೋಗುವವರಿಗೂ ಕೇಳುವ ದನಿ. ಮಗು ಪ್ರತಿ ಸಲವೂ ಕೇಕೆ ಹಾಕುತ್ತಿತ್ತು. ಪಕ್ಕದ ಮನೆಯ ಬಾಗಿಲು ತೆರೆದುಕೊಂಡ ಸದ್ದಾಯಿತು. ನೋರಾ ಗಂಡನ ಮುಖ ನೋಡಿದಳು. ಹರ್ಬರ್ಟ್ ಲೋಟ ಕೆಳಗಿಟ್ಟು ಎದ್ದು ಹೋಗಿ ಕಿಟಕಿಯನ್ನು ಎಳೆದು ಅಗುಳಿ ಹಾಕಿದ. ಗಾಜಿನಾಚೆ ಮಗಳ ಬಾಯಿ ತೆರೆದು ಮುಚ್ಚುತ್ತಿತ್ತು, ಮಗುವಿನ ಬಾಯಿ ನಗುತ್ತಿತ್ತು. ಹೊರಗೆ ಎಲ್ಲರಿಗೂ ಕೇಳಿಸುತ್ತಿದ್ದದ್ದು ಒಳಗೆ ಅವರಿಬ್ಬರಿಗೆ ಮಾತ್ರ ಕೇಳಿಸಲಿಲ್ಲ. ಅವನು ಬಂದು ಕೂತು, ಚಹಾ ಆರುವ ಮೊದಲು ಕುಡಿದ.